ಸ್ಪೋಕೇನ್‌ಗೆ ಹೋದ ಆಟಗಾರ

ಜನವರಿ 6, 2009, ಮಂಗಳವಾರ

ಮದುವೆಯಾದ ಮೇಲೆ ದಿನಚರಿ ಬರೆಯುವುದು ಬಿಟ್ಟೇ ಹೋಗಿತ್ತು. ಇವತ್ತು ತನುಶ್ರೀಗೆ ಐರನ್ ಮಾತ್ರೆ ತರಲು ಫಾರ್ಮಸಿಗೆ ಹೋದವನು ಈ ನೋಟ್‌ಬುಕ್ಕನ್ನೂ ಎತ್ತಿಕೊಂಡೆ. ಪ್ರಾಕ್ಟೀಸ್ ಸೆಂಟರಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಹೀಟರ್ ಹಾಕಿಕೊಂಡು ಬರೆಯುತ್ತಿದ್ದೇನೆ. ಯಾರ ಹತ್ತಿರವೂ ಬಾಯಿ ಬಿಡಬೇಡ ಅಂತ ವಾಲ್ಟ್ ಎರಡು ಸಲ ಹೇಳಿದ. ಎಲ್ಲಾದರೂ ಒಂದು ಕಡೆ ಬಿಡಲೇಬೇಕಲ್ಲ.

ಹೊಸಬರಿಗೆ ಹೇಳುವ ಹಾಗೆ ಮೊದಲಿನಿಂದ ಬರೆದರೆ ನನಗೇ ಸ್ಪಷ್ಟವಾದೀತು. ವಾಲ್ಟ್ ಕೆಸ್ಲರ್ ನಮ್ಮ ಹಡ್ಸನ್ ರಿವರ್‌ಮೆನ್ ಬ್ಯಾಸ್ಕೆಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್. ಯಾರು ಆಡಬೇಕು, ಯಾರು ಹೋಗಬೇಕು ಅನ್ನುವುದು ಅವನ ಕೈಯಲ್ಲಿದೆ. ಅದಕ್ಕೆ ಲೀಗಿನ ಸಂಬಳದ ನಿಯಮ ಅಡ್ಡ ಬಾರದ ಹಾಗೆ ದಾರಿ ಹುಡುಕಿ ಕೊಡುವುದು ನನ್ನ ಕೆಲಸ. ಹನ್ನೊಂದು ಪಂದ್ಯ ಗೆದ್ದಿದ್ದೇವೆ, ಇಪ್ಪತ್ಮೂರು ಸೋತಿದ್ದೇವೆ. ಮಾಲೀಕರ ಹಣ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳ ಜೊತೆಗೇ ಮುಳುಗಿತಂತೆ.

"ಡೆಸ್ಮಂಡ್‌ನನ್ನ ಬೇರೆ ತಂಡಕ್ಕೆ ಕಳಿಸ್ಬೇಕು. ಟ್ರೇಡ್ ಡೆಡ್‌ಲೈನ್ ಫೆಬ್ರುವರಿ ಹತ್ತೊಂಬತ್ತು, ಮಧ್ಯಾಹ್ನ ಮೂರು ಗಂಟೆ. ದಾರಿ ಹುಡುಕು, ರಾಜ್" ಅಂದ ವಾಲ್ಟ್.

ಡೆಸ್ಮಂಡ್ ಪ್ರೂಯಿಟ್ ನಮ್ಮ ಕ್ಯಾಪ್ಟನ್. ಮೂವತ್ತೆರಡು ವಯಸ್ಸು. ವರ್ಷಕ್ಕೆ ಹನ್ನೊಂದು ಮಿಲಿಯನ್ ಡಾಲರ್, ಈ ಸೀಸನ್ ಮುಗಿದ ಮೇಲೂ ಎರಡು ವರ್ಷ ಬಾಕಿ. ಅವನನ್ನು ಕೊಟ್ಟು, ಈ ಬೇಸಿಗೆಗೇ ಕರಾರು ಮುಗಿಯುವ ಇಬ್ಬರನ್ನು ತಗೊಂಡರೆ, ಜುಲೈಯಲ್ಲಿ ಅವರು ಮನೆಗೆ, ಸಂಬಳದ ಪಟ್ಟಿ ಖಾಲಿ. ಮುಂದಿನ ವರ್ಷ ದೊಡ್ಡ ಆಟಗಾರರಿಗೆ ಗಾಳ ಹಾಕಬಹುದು. ಬರುವ ಇಬ್ಬರು ಚೆನ್ನಾಗಿ ಆಡಬೇಕೆಂದೇನೂ ಇಲ್ಲ. ಮುಗಿದರೆ ಸಾಕು.

"ಈ ವಿಷಯ ಗೊತ್ತಿರೋದು ನಂಗೆ, ನಿಂಗೆ, ಮಾಲೀಕರ ವಕೀಲರಿಗೆ" ಅಂದ. ಎಲ್ಲಾದರೂ ಹೊರಗೆ ಹೋದರೆ ಯಾರಿಂದ ಹೋಯಿತು ಅಂತ ಹುಡುಕುವ ಕಷ್ಟವೇ ಇಲ್ಲ.

ಜನವರಿ 9, ಶುಕ್ರವಾರ

ಡೆಸ್ಮಂಡ್ ಎಂದಿನಂತೆ ಪ್ರಾಕ್ಟೀಸ್ ಮುಗಿಸಿ ನನ್ನ ಕೋಣೆಗೆ ಬಂದ. ಬಾಗಿಲಿಗೆ ತಲೆ ತಗ್ಗಿಸಿಯೇ ಒಳಗೆ ಬರಬೇಕು ಅವನು. ನನಗಿಂತ ಒಂದೂಕಾಲು ಅಡಿ ಎತ್ತರ. ಆಟ ಬಿಟ್ಟ ಮೇಲೆ ಮ್ಯಾನೇಜರ್ ಆಗಬೇಕು ಅಂತ ಆಸೆ. ಅದಕ್ಕೇ ವಾರಕ್ಕೊಂದು ಗಂಟೆ ನನ್ನ ಹತ್ತಿರ ನಿಯಮ ಕಲಿಯುತ್ತಾನೆ. ನನ್ನನ್ನು 'ಪ್ರೊಫೆಸರ್' ಅನ್ನುತ್ತಾನೆ. ಮಂಡ್ಯದ ಕಾಲೇಜಿನಲ್ಲಿ ಸಿಮೆಂಟು ನೆಲದ ಮೇಲೆ ಆಡಿ ಕಲಿತ ನನ್ನ ಫ್ರೀ ಥ್ರೋ ನೋಡಿ ಹೊಟ್ಟೆ ಹಿಡಿದು ನಕ್ಕು, ಆಮೇಲೆ ಒಂದು ತಿಂಗಳು ಜೊತೆಗೆ ನಿಂತು ತಿದ್ದಿದವನೂ ಅವನೇ.

ಇವತ್ತು ಸೀದಾ ಕೇಳಿದ. "ಪೇಪರಲ್ಲಿ ಏನೇನೋ ಬರೀತಿದಾರೆ. ನಾನೇನಾದ್ರೂ ಹೋಗ್ತಿದೀನಾ?"

"ನಂಗೆ ಗೊತ್ತಿಲ್ಲ" ಅಂದೆ. ಹಾಗೆ ಹೇಳುತ್ತಾ ಕಂಪ್ಯೂಟರಿನಲ್ಲಿ ಏನೋ ಹುಡುಕುವವನಂತೆ ಮಾಡಿದೆ.

"ಹೋಗಲ್ಲ ಬಿಡು. ವಾಲ್ಟ್ ಮಾತು ಕೊಟ್ಟಿದಾನೆ. ನೀನೂ ಇದ್ಯಲ್ಲ."

ಇದ್ದೆ. 2007ರ ಜುಲೈ. ಡಲ್ಲಾಸಿನವರು ಹದಿನಾಲ್ಕು ಕೊಡುತ್ತೇವೆ ಅಂದಿದ್ದರು. ಇವನು ಹನ್ನೊಂದಕ್ಕೆ ಇಲ್ಲಿಗೆ ಬಂದ. ಹೆಂಡತಿ ಬಿಟ್ಟು ಹೋಗಿದ್ದಳು, ಮಗಳು ಇಮಾನಿ ಅಮ್ಮನ ಜೊತೆ ಇಲ್ಲೇ ನ್ಯೂಜೆರ್ಸಿಯ ಟೀನೆಕ್‌ನಲ್ಲಿ. ಈಗ ಒಂಬತ್ತು ವರ್ಷ ಅವಳಿಗೆ. ಮಗಳು ಇರುವ ಕಡೆ ಇರಬೇಕು ಅಂತ ಮೂರು ಮಿಲಿಯನ್ ಬಿಟ್ಟ. 'ನನ್ನನ್ನು ಕಳಿಸಬಾರದು' ಅಂತ ಕರಾರಿನಲ್ಲಿ ಬರೆಸಲು ಅವನಿಗೆ ನಿಯಮದ ಪ್ರಕಾರ ಅರ್ಹತೆ ಇರಲಿಲ್ಲ. ಅದನ್ನು ವಿವರಿಸಿದವನು ನಾನು. ಆಗ ವಾಲ್ಟ್ ಎದ್ದು ಬಂದು ಅವನ ಕೈ ಹಿಡಿದು, "ಬರೆಯೋಕಾಗಲ್ಲ, ಆದ್ರೆ ನೀನು ಇಲ್ಲೇ ರಿಟೈರ್ ಆಗ್ತೀಯ. ಇದು ನನ್ನ ಮಾತು" ಅಂದಿದ್ದ. ಕಾಗದ ಜೋಡಿಸುತ್ತಾ ನಾನು ಪಕ್ಕದಲ್ಲೇ ಕೂತಿದ್ದೆ.

ಜನವರಿ 20, ಮಂಗಳವಾರ

ಮಧ್ಯಾಹ್ನ ಎಲ್ಲರೂ ಟಿವಿ ಮುಂದೆ. ಹೊಸ ಅಧ್ಯಕ್ಷರ ಪ್ರಮಾಣವಚನ. ರಿಸೆಪ್ಶನ್ ಹುಡುಗಿ ಅಳುತ್ತಿದ್ದಳು. ಆ ಹೊತ್ತು ನೋಡಿ ನಾನು ವಾಲ್ಟ್‌ನ ಕೋಣೆಗೆ ಹೋದೆ. ಎರಡು ವಾರ ಕೂತು ಬೇರೊಂದು ದಾರಿ ಮಾಡಿದ್ದೆ. ಡೆಸ್ಮಂಡ್‌ನನ್ನು ಇಟ್ಟುಕೊಂಡು, ಬೆಂಚಿನಲ್ಲೇ ಕೂರುವ ಇಬ್ಬರನ್ನು ಬೇರೆ ಬೇರೆ ತಂಡಕ್ಕೆ ಕಳಿಸುವುದು. ಎಂಟು ಮಿಲಿಯನ್ ಉಳಿಯುತ್ತದೆ.

ವಾಲ್ಟ್ ಪೂರ್ತಿ ಓದಿದ. ಆಮೇಲೆ ಕನ್ನಡಕ ತೆಗೆದು, "ಎಂಟು ಹನ್ನೊಂದಲ್ಲ, ರಾಜ್" ಅಂದ.

"ನೀವು ಅವನಿಗೆ ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಆಗ ಮಾಲೀಕರ ಹತ್ರ ದುಡ್ಡಿತ್ತು. ಇದು ಆಗ್ಲಿಲ್ಲ ಅಂದ್ರೆ ಆಫೀಸಲ್ಲಿ ಹದಿನೈದು ಜನ ಮನೆಗೆ ಹೋಗ್ತಾರೆ. ಪಟ್ಟಿ ನೋಡ್ತೀಯಾ?"

ಬೇಡ ಅಂದೆ.

"ನಿನ್ನ ಹೆಂಡ್ತಿಗೆ ಯಾವಾಗ ಡ್ಯೂ?"

"ಮಾರ್ಚ್ ಹತ್ತು."

ಅವನು ಬೆದರಿಸಲಿಲ್ಲ. ನಿಜವಾಗಿಯೂ ವಿಚಾರಿಸಿಕೊಂಡ ಅಂತಲೇ ಕಾಣುತ್ತದೆ. ಆದರೂ ಬಾಗಿಲು ಹಾಕಿಕೊಂಡು ಹೊರಗೆ ಬಂದವನು ನನ್ನ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಜನವರಿ 28, ಬುಧವಾರ

ಹಿಮ, ಅದರ ಮೇಲೆ ಮಳೆ. ಕಾರಿನ ಗಾಜು ಕೆರೆಯಲು ಅರ್ಧ ಗಂಟೆ.

ದೇಶದ ಇನ್ನೊಂದು ತುದಿಯ ಸ್ಪೋಕೇನ್ ತಂಡ ಸರಿಹೊಂದುತ್ತದೆ. ಅವರಿಗೆ ಅನುಭವ ಇರುವ ಒಬ್ಬ ಬೇಕು, ಅವರ ಹತ್ತಿರ ಜೂನಿಗೆ ಮುಗಿಯುವ ಕರಾರು ಎರಡಿವೆ. ಎರಡೂ ಕಡೆಯ ಸಂಬಳ ಹೆಚ್ಚುಕಡಿಮೆ ಸಮ ಇರಬೇಕು ಅನ್ನುವ ನಿಯಮಕ್ಕೆ ಕೂದಲೆಳೆಯಷ್ಟರಲ್ಲಿ ಒಳಗೆ ಬರುತ್ತದೆ. ಜೊತೆಗೆ ಅವರ ಒಂದು ಡ್ರಾಫ್ಟ್ ಪಿಕ್, ಅಂದರೆ ಕಾಲೇಜಿನಿಂದ ಬರುವ ಒಬ್ಬ ಹೊಸ ಹುಡುಗನನ್ನು ಆರಿಸಿಕೊಳ್ಳುವ ಹಕ್ಕನ್ನೂ ಕೇಳೋಣ ಅಂದೆ. ಒಪ್ಪಿದರು! ವಾಲ್ಟ್ ನನ್ನ ಭುಜ ತಟ್ಟಿ, "ಬ್ಯೂಟಿಫುಲ್" ಅಂದ. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇದೆ. ಇದಕ್ಕಿಂತ ಒಳ್ಳೆಯ ಟ್ರೇಡ್ ಈ ವರ್ಷ ಯಾರೂ ಮಾಡಲಾರರು.

ಮನೆಗೆ ಹೋಗುವಾಗ ದಾರಿಯಲ್ಲಿ ಸಿಳ್ಳೆ ಹಾಕುತ್ತಿದ್ದೆ. ಮನೆಗೆ ತಿರುಗುವ ಫೋರ್ಟ್ ಲೀ ಎಕ್ಸಿಟ್ ಬಂದಾಗ ಗೊತ್ತಾಯಿತು.

ಫೆಬ್ರುವರಿ 4, ಬುಧವಾರ

ತನುಶ್ರೀಗೆ ಹೇಳಿದೆ. ಹೆಂಡತಿಗೂ ಹೇಳಬಾರದು ಅಂತೇನೂ ವಾಲ್ಟ್ ಅಂದಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ, ಆದರೆ ಅಂದಿದ್ದ.

ಹದಿನೇಳನೇ ಮಹಡಿಯ ಕಿಟಕಿಯಲ್ಲಿ ಕೂತು ಸೇತುವೆ ಮೇಲಿನ ಕಾರು ನೋಡುತ್ತಿದ್ದಳು. ಮೈಸೂರಿನಲ್ಲಿ ಎರಡು ವರ್ಷ ಕಾಲೇಜು ಲೆಕ್ಚರರ್ ಆಗಿದ್ದವಳು. ನನ್ನ ವೀಸಾದ ಬಾಲ ಹಿಡಿದು ಬಂದವಳಿಗೆ ಇಲ್ಲಿ ಕೆಲಸ ಮಾಡಲು ಪರ್ಮಿಟ್ ಇಲ್ಲ. ನಾಲ್ಕು ವರ್ಷದಿಂದ ಆ ಕಿಟಕಿ.

"ಪಾಪ, ಅವ್ರಿಗೆ ಹೇಳ್ಬಿಡಿ ಅಂತ ನನ್ನ ಬಾಯಿಗೆ ಬರ್ತಿದೆ ಕಣ್ರೀ. ಆದ್ರೆ ಹೇಳ್ಬೇಡಿ" ಅಂದಳು.

"ಅದೇನದು, ಎರಡೂ ನೀನೇ ಹೇಳಿದ್ರೆ?"

"ಇನ್ನೇನ್ ಹೇಳ್ಲಿ? ನಿಮ್ಮ ಕೆಲಸ ಹೋದ ದಿನಾನೇ ವೀಸಾ ಹೋಯ್ತು. ಇನ್ಶೂರೆನ್ಸ್ ಹೋಯ್ತು. ಎಂಟು ತಿಂಗಳ ಹೊಟ್ಟೆ ಇಟ್ಕೊಂಡು ವಿಮಾನಕ್ಕೂ ಹತ್ತಿಸ್ಕೊಳಲ್ಲ. ಎಲ್ಲಿ ಹೆರ್ಲಿ ನಾನು?"

ಅವಳ ಕಾಲು ಊದಿದೆ. ಒತ್ತುತ್ತಾ ಕೂತೆ.

ಫೆಬ್ರುವರಿ 11, ಬುಧವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಡೆಸ್ಮಂಡ್ ಬಂದು ಬಾಗಿಲು ಹಾಕಿಕೊಂಡ. ನಾಳೆ ಹ್ಯಾಕೆನ್‌ಸ್ಯಾಕ್ ಕೋರ್ಟಿನಲ್ಲಿ ಮಗಳ ಕೇಸು. ಈಗ ಎರಡು ವಾರಕ್ಕೊಂದು ಸಲ ಮಾತ್ರ ಅವಳು ಅವನ ಮನೆಗೆ ಬರುತ್ತಾಳೆ. ಅರ್ಧ ವಾರ ತನ್ನ ಜೊತೆ ಇರಲಿ ಅಂತ ಕೇಳಿದ್ದಾನೆ. ಅವಳಿಗೋಸ್ಕರ ಶಾಲೆಯ ಹತ್ತಿರವೇ ಮನೆ ತಗೊಂಡಿದ್ದಾನೆ.

"ಜಡ್ಜ್ ಕೇಳೋದು ಒಂದೇ. ಇನ್ನೆರಡು ವರ್ಷ ನೀನು ನ್ಯೂಜೆರ್ಸಿಯಲ್ಲೇ ಇರ್ತೀಯಾ ಅಂತ. ನಾನು ಪ್ರಮಾಣ ಮಾಡಿ ಹೇಳ್ಬೇಕು. ಹೋಗೋದೇ ಆದ್ರೆ ನನ್ನ ವಕೀಲ ಬೇರೆ ಥರ ಕೇಳ್ತಾನೆ. ಬೇಸಿಗೆ ರಜಾ, ಕ್ರಿಸ್‌ಮಸ್, ಹಾಗೆ. ಅದಕ್ಕೂ ಒಪ್ಕೋಬಹುದು ಅವರು. ಆದ್ರೆ ಇವತ್ತೇ ಗೊತ್ತಾಗ್ಬೇಕು." ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಕೂತರೂ ನನಗಿಂತ ಒಂದು ತಲೆ ಎತ್ತರ. "ಎಲ್ಲಿಗೆ, ಯಾವಾಗ, ಅದೇನೂ ಬೇಡ. ಪ್ರೊಫೆಸರ್, ಇದೆಯಾ ಇಲ್ವಾ, ಅಷ್ಟು ಹೇಳು."

ಗೊತ್ತಿಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಅಂದರೆ ಇದೆ ಅಂತ ಅರ್ಥ ಮಾಡಿಕೊಳ್ಳುತ್ತಾನೆ, ನೇರ ವಾಲ್ಟ್‌ನ ಕೋಣೆಗೆ ಹೋಗುತ್ತಾನೆ ಅನ್ನಿಸಿತು. ಅಷ್ಟನ್ನೂ ಯೋಚನೆ ಮಾಡಲು ನನಗೆ ಸಮಯ ಸಿಕ್ಕಿತು. ಅದೇ ಆಶ್ಚರ್ಯ.

ಅವನ ಮುಖ ನೋಡಿಕೊಂಡು, "ಇಲ್ಲ. ಅಂಥದ್ದೇನೂ ಇಲ್ಲ" ಅಂದೆ.

ಅವನ ಭುಜ ಇಳಿಯಿತು. ಉಸಿರು ಬಿಟ್ಟ. ಎದ್ದು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಅಲ್ಲಾಡಿಸಿ, ಬಾಗಿಲಿಗೆ ತಲೆ ತಗ್ಗಿಸಿ ಹೋದ.

ಫೆಬ್ರುವರಿ 12, ಗುರುವಾರ

ಅರ್ಧ ವಾರ ಸಿಕ್ಕಿತಂತೆ. ಎಲ್ಲರಿಗೂ ಡೋನಟ್ ಹಂಚಿದ. ನಾನೂ ಒಂದು ತಿಂದೆ.

ಫೆಬ್ರುವರಿ 19, ಗುರುವಾರ

ಎರಡೂ ಐವತ್ತೊಂದಕ್ಕೆ ಲೀಗಿನ ಆಫೀಸಿನವರು ಫೋನಿನಲ್ಲಿ ನಿಯಮದ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇತ್ತು. ಎರಡೂ ಐವತ್ತೆಂಟಕ್ಕೆ ಮುಗಿಯಿತು. ವಾಲ್ಟ್ ಫೋನಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಡೆಸ್ಮಂಡ್‌ಗೆ ವಾಲ್ಟ್ ಹೇಳುವ ಮುಂಚೆಯೇ ಟಿವಿಯಲ್ಲಿ ಬಂತು.

ಫೆಬ್ರುವರಿ 20, ಶುಕ್ರವಾರ

ಅವನು ಲಾಕರ್ ಖಾಲಿ ಮಾಡಲು ಬರುತ್ತಾನೆ ಅಂತ ಗೊತ್ತಿತ್ತು. ಹತ್ತು ಗಂಟೆಗೆ ನಾನು ಪೋಸ್ಟ್ ಆಫೀಸಿಗೆ ಹೋದೆ. ಪೋಸ್ಟ್ ಆಫೀಸಿನಲ್ಲಿ ನನಗೇನೂ ಕೆಲಸ ಇರಲಿಲ್ಲ. ಹನ್ನೊಂದೂವರೆಗೆ ವಾಪಸ್ ಬಂದರೆ ಪಾರ್ಕಿಂಗ್ ಲಾಟಿನಲ್ಲಿ ಅವನ ಕಾರು ನನ್ನ ಜಾಗದ ಪಕ್ಕದಲ್ಲೇ ನಿಂತಿತ್ತು, ಅವನು ಅದಕ್ಕೆ ಒರಗಿಕೊಂಡಿದ್ದ.

"ಯಾವತ್ತಿನಿಂದ?" ಅಂದ.

"ಜನವರಿ."

"ವಾಲ್ಟ್‌ನ ನಾನು ಕೇಳ್ಲೇ ಇಲ್ಲ. ಯಾಕೆ ಗೊತ್ತಾ? ಅವ್ನು ಮುಖದಲ್ಲಿ ಏನೂ ತೋರಿಸಲ್ಲ. ಎಲ್ಲ ಮ್ಯಾನೇಜರ್‌ಗಳೂ ಹಾಗೇ. ನೀನು ಹಾಗಲ್ಲ ಅಂತ ನಿನ್ನ ಕೇಳಿದ್ದು."

ನನ್ನ ಹೆಂಡತಿ, ಹೆರಿಗೆ, ವೀಸಾ ಅಂತ ಶುರು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಸರಿ. ನಿನಗೂ ಮಗು ಬರ್ತಿದೆ" ಅಂದ. "ನನಗೆ ಆಗ್ಲೇ ಇದೆ."

ಕಾರು ತೆಗೆದುಕೊಂಡು ಹೋದ. ನಾನು ಒಳಗೆ ಹೋಗಿ ಹೊಸಬರಿಬ್ಬರ ಕಾಗದಪತ್ರ ಮಾಡಿದೆ.

ಮಾರ್ಚ್ 8, ಭಾನುವಾರ

ಹೆಣ್ಣು ಮಗು. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ. ತನುಶ್ರೀ ಹದಿನೈದು ಗಂಟೆ ಒದ್ದಾಡಿದಳು, ಕೊನೆಗೆ ಆಪರೇಷನ್. ಇಬ್ಬರೂ ಚೆನ್ನಾಗಿದ್ದಾರೆ. ನರ್ಸ್ ಮಗುವನ್ನು ಕೈಗೆ ಕೊಟ್ಟಾಗ ಹೇಗೆ ಹಿಡಿಯಬೇಕೆಂದು ತಿಳಿಯದೆ ನಿಂತಿದ್ದೆ. ಏನೂ ತೂಕವೇ ಇಲ್ಲ.

ಇನ್ಶೂರೆನ್ಸ್ ಎಲ್ಲವನ್ನೂ ಕೊಟ್ಟಿತು.

ಮಾರ್ಚ್ 26, ಗುರುವಾರ

ಡೆಸ್ಮಂಡ್‌ನ ವಕೀಲರು ಫೋನ್ ಮಾಡಿದ್ದರು. ಅವನ ಮಾಜಿ ಹೆಂಡತಿ ಕೋರ್ಟಿಗೆ ಹೋಗಿದ್ದಾಳೆ. ಟ್ರೇಡ್ ಆಗುವುದು ಗೊತ್ತಿದ್ದೂ ಜಡ್ಜ್ ಮುಂದೆ ಸುಳ್ಳು ಪ್ರಮಾಣ ಮಾಡಿದ ಅಂತ. ಏಳು ದಿನದಲ್ಲಿ ಹೋಗುವವನಿಗೆ ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ? ಅರ್ಧ ವಾರ ಹೇಗೂ ಹೋಯಿತು. ಸುಳ್ಳುಗಾರ ಅಂತ ತೀರ್ಮಾನವಾದರೆ ಬೇಸಿಗೆ ರಜೆಯೂ ಹೋಗುತ್ತದೆ.

"ಅವರಿಗೆ ಗೊತ್ತಿರಲಿಲ್ಲ ಅಂತ ಹೇಳಬಲ್ಲವರು ಯಾರಾದರೂ ಇದ್ದಾರಾ?" ಅಂತ ವಕೀಲರು ಕೇಳಿದರು.

"ಅವನು ನನ್ನ ಹೆಸರು ಹೇಳಿದನಾ?"

"ಇಲ್ಲ. ಮಿಸ್ಟರ್ ಪ್ರೂಯಿಟ್ ಯಾರ ಹೆಸರೂ ಹೇಳಲಿಲ್ಲ. ನಾನೇ ತಂಡದ ಪಟ್ಟಿ ನೋಡಿ ಒಬ್ಬೊಬ್ಬರಿಗೆ ಫೋನ್ ಮಾಡ್ತಿದೀನಿ. ನೀವು ಹನ್ನೆರಡನೆಯವರು."

ಆಮೇಲೆ ಮಾಡುತ್ತೇನೆ ಅಂತ ಫೋನಿಟ್ಟೆ. ಕಂಪನಿಯ ಒಳಗಿನ ಮಾತು ಹೊರಗೆ ಆಡಿದರೆ ಕೆಲಸದಿಂದ ತೆಗೆಯಬಹುದು ಅಂತ ನಾನೇ ಸಹಿ ಹಾಕಿದ ಕಾಗದ ಇದೆ. ಹುಡುಕಿ ಓದಿದೆ. ಎರಡನೇ ಪುಟದಲ್ಲಿದೆ.

ಏಪ್ರಿಲ್ 3, ಶುಕ್ರವಾರ

ಎಂಟು ದಿನದಿಂದ ಫೋನ್ ಮಾಡಿಲ್ಲ. ಮಾಡಿಲ್ಲ ಅಂದರೆ ಹನ್ನೆರಡು ಸಲ ನಂಬರ್ ಒತ್ತಿ ಬಿಟ್ಟಿದ್ದೇನೆ.

ಗ್ರೀನ್ ಕಾರ್ಡ್ ಅರ್ಜಿ ಅರ್ಧದಲ್ಲಿದೆ. ಈಗ ಬಿಟ್ಟರೆ ಐದು ವರ್ಷ ನೀರಿಗೆ. ದೇಶದಲ್ಲೆಲ್ಲ ಜನರನ್ನು ತೆಗೆಯುತ್ತಿದ್ದಾರೆ, ವೀಸಾ ಕೊಟ್ಟು ಯಾರು ಕರೆಯುತ್ತಾರೆ ನನ್ನನ್ನು? ವಾಲ್ಟ್ ಮೊನ್ನೆ ಸಂಬಳ ಸ್ವಲ್ಪ ಹೆಚ್ಚಿಸಿದ. ಆಫೀಸಿನಿಂದ ಹದಿನೈದರ ಬದಲು ಒಂಬತ್ತು ಜನ ಹೋದರು.

ತನುಶ್ರೀ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಹೇಳ್ಬೇಡಿ ಅಂತಾಳೆ ಅಂದುಕೊಂಡಿದ್ದೆ.

"ಅವತ್ತು ಬೇಡ ಅಂದೋಳು ನಾನೇ. ನೆನಪಿದೆ ನಂಗೆ" ಅಂದಳು. "ಅವತ್ತು ಇವಳು ಹೊಟ್ಟೇಲಿದ್ಲು. ಈಗ ಎಲ್ಲಿಗೆ ಬೇಕಾದ್ರೂ ಎತ್ಕೊಂಡು ಹೋಗ್ಬಹುದು."

"ಯೋಚನೆ ಮಾಡಿ ಹೇಳ್ತಿದೀಯಾ?"

"ನಾಲ್ಕು ವರ್ಷದಿಂದ ಇನ್ನೇನ್ ಮಾಡಿದೀನಿ ಇಲ್ಲಿ?" ಮಗುವನ್ನು ಮಗುಚಿ ಬೆನ್ನಿಗೆ ಹಚ್ಚತೊಡಗಿದಳು. "ಸ್ವಲ್ಪ ಎಣ್ಣೆ ಬಿಸಿ ಮಾಡ್ಕೊಂಡ್ ಬನ್ನಿ."

ಬಿಸಿ ಮಾಡಿ ಕೊಟ್ಟು, ವಕೀಲರಿಗೆ ಫೋನ್ ಮಾಡಿದೆ.

ಏಪ್ರಿಲ್ 17, ಶುಕ್ರವಾರ

ಕೋರ್ಟಿನ ಹತ್ತಿರ ಪಾರ್ಕಿಂಗ್ ಸಿಗಲಿಲ್ಲ. ಎಂಟು ಬ್ಲಾಕ್ ನಡೆದೆ. ಅಂಗಿ ಒದ್ದೆ.

ಜಡ್ಜ್ ಬಿಳಿ ಕೂದಲಿನ ಹೆಂಗಸು. ಅವರೇ ಪ್ರಶ್ನೆ ಕೇಳಿದರು.

"ಫೆಬ್ರುವರಿ ಹನ್ನೆರಡರಂದು ಮಿಸ್ಟರ್ ಪ್ರೂಯಿಟ್‌ಗೆ ಟ್ರೇಡ್ ವಿಷಯ ಗೊತ್ತಿತ್ತೆ?"

"ಇಲ್ಲ."

"ನಿಮಗೆ ಹೇಗೆ ಗೊತ್ತು?"

"ಹಿಂದಿನ ದಿನ ನನ್ನನ್ನ ಕೇಳಿದ. ಅಂಥದ್ದೇನೂ ಇಲ್ಲ ಅಂತ ನಾನು ಹೇಳಿದೆ."

"ಅದು ನಿಜವಾಗಿತ್ತೆ?"

"ಅಲ್ಲ. ಆ ಟ್ರೇಡನ್ನ ತಯಾರು ಮಾಡಿದ್ದೇ ನಾನು."

ಬರೆದುಕೊಳ್ಳುತ್ತಿದ್ದ ಅವರು ತಲೆಯೆತ್ತಿ ನೋಡಿದರು. ಯಾಕೆ ಸುಳ್ಳು ಹೇಳಿದಿರಿ ಅಂತ ಕೇಳುತ್ತಾರೆ ಅಂದುಕೊಂಡು, ಹೆರಿಗೆ, ವೀಸಾ ಎಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಧ್ಯಾಹ್ನಕ್ಕೆ ತೀರ್ಮಾನ. ಡೆಸ್ಮಂಡ್ ಸುಳ್ಳು ಹೇಳಿಲ್ಲ. ಬೇಸಿಗೆಯ ಎರಡು ತಿಂಗಳು, ಕ್ರಿಸ್‌ಮಸ್ ವಾರ, ಇಮಾನಿ ಅವನ ಜೊತೆ. ಅರ್ಧ ವಾರದ ಮಾತು ಯಾರೂ ಎತ್ತಲಿಲ್ಲ. ಅವನು ಟೀನೆಕ್‌ನಲ್ಲಿ ತಗೊಂಡ ಮನೆ ಮಾರಾಟಕ್ಕಿದೆಯಂತೆ.

ಕಾರಿಡಾರಿನಲ್ಲಿ ಎದುರಾದ. ಸ್ಪೋಕೇನ್‌ನಿಂದ ಬೆಳಿಗ್ಗೆಯಷ್ಟೇ ಬಂದಿದ್ದ, ಕಣ್ಣು ಕೆಂಪಾಗಿತ್ತು. ಪ್ರೊಫೆಸರ್ ಅನ್ನಲಿಲ್ಲ.

"ಮಗು ಹೇಗಿದೆ?"

"ಚೆನ್ನಾಗಿದಾಳೆ."

"ಒಳ್ಳೇದು" ಅಂದು ವಕೀಲರ ಜೊತೆ ಹೊರಟುಹೋದ. ಕೈ ಕೊಡಲಿಲ್ಲ. ನಾನೂ ಚಾಚಲಿಲ್ಲ.

ಕಾರಿಗೆ ದಂಡದ ಟಿಕೆಟ್ ಹಾಕಿದ್ದರು. ದಾರಿಯಲ್ಲಿ ನಿಲ್ಲಿಸಿ ದೊಡ್ಡ ಸ್ಯಾಂಡ್‌ವಿಚ್ ತಗೊಂಡು ಪೂರ್ತಿ ತಿಂದೆ. ಇಷ್ಟು ಹಸಿವು ಎಲ್ಲಿತ್ತೋ.

ಏಪ್ರಿಲ್ 20, ಸೋಮವಾರ

ವಾಲ್ಟ್ ಕೂಗಾಡಲಿಲ್ಲ. "ನೀನು ಹೇಳಿದ್ದೆಲ್ಲ ನಿಜ. ಆದ್ರೆ ಇನ್ನು ನಿನ್ನ ಇಲ್ಲಿ ಇಟ್ಕೊಳ್ಳೋಕಾಗಲ್ಲ" ಅಂದ. ಮಾಲೀಕರ ವಕೀಲರು ಪಕ್ಕದಲ್ಲಿ ಕೂತು ಕಾಗದ ಮುಂದೆ ತಳ್ಳಿದರು. ಸಹಿ ಹಾಕಿದೆ. ಇನ್ಶೂರೆನ್ಸ್ ತಿಂಗಳ ಕೊನೆಯವರೆಗೆ. "ಮಗೂನ ಒಂದು ಸಲ ಡಾಕ್ಟರ್ ಹತ್ರ ತೋರಿಸ್ಬಿಡು" ಅಂದ ವಾಲ್ಟ್. ಲಿಫ್ಟಿನವರೆಗೂ ಬಂದ.

ಮಗುವಿನ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದೆವು. ಆರು ವಾರದ ಮಗು ಕಣ್ಣು ಬಿಟ್ಟು ಕ್ಯಾಮೆರಾ ನೋಡಬೇಕಂತೆ. ಅರ್ಧ ಗಂಟೆ ಚಪ್ಪಾಳೆ ಹೊಡೆದೆವು. ತನುಶ್ರೀ ನಕ್ಕು ನಕ್ಕು ಹೊಲಿಗೆ ನೋವು ಅಂತ ಕೂತುಬಿಟ್ಟಳು.

ಸಂಜೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಅವ್ವ ಎತ್ತಿಕೊಂಡಳು. ಮುಂದಿನ ವಾರ ಬರುತ್ತಿದ್ದೇವೆ, ಮೂರೂ ಜನ ಅಂದೆ.

"ರಜ ಕೊಟ್ರಾ ಮಗಾ?"

"ಇಲ್ಲ ಕಣವ್ವ. ನಾನೇ ತಗಂಡೆ."

"ಏಟು ದಿನ?"

"ಗೊತ್ತಿಲ್ಲವ್ವ" ಅಂದೆ.